ಅಂಚುಬಯಲು

ಈ ಸಲ ಅಂಬುಜ ಸೌಟಿನ ಸಮೇತ ಹೋಗಿದ್ದಳು. ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಕೊಡುತ್ತ ನಿಂತಿದ್ದವಳು, ನಾನು ಪತ್ರಿಕೆಯ ಹಾಳೆ ತಿರುಗಿಸುವಷ್ಟರಲ್ಲಿ ಇರಲಿಲ್ಲ. ಇಂಗಿನ ಘಮ ಇತ್ತು, ಒಲೆಯ ಉರಿ ಇತ್ತು, ಅವಳಿರಲಿಲ್ಲ. ಒಲೆ ಆರಿಸಿ, ಅಂಗಿ ತೊಟ್ಟು, ಯಾರು ಏನನ್ನು ಕತ್ತರಿಸಿದರೆಂದು ತಿಳಿಯಲು ಫೋನು ತೆರೆದೆ. ನನ್ನ ತಮ್ಮನ ಮಗ ಪ್ರಹ್ಲಾದ ಹಿಂದಿನ ದಿನವಷ್ಟೇ ಹೊಸ ಮನೆಯ ಗೃಹಪ್ರವೇಶ ಮಾಡಿದ್ದ. ಮೆಟ್ಟಿಲ ಮೇಲೆ ಎಲ್ಲರನ್ನೂ ನಿಲ್ಲಿಸಿ ತೆಗೆದಿದ್ದ ಚಿತ್ರವನ್ನು ಈಗ ಕುಟುಂಬದ ಗ್ರೂಪಿಗೆ ಮುಖಚಿತ್ರವಾಗಿ ಹಾಕಿದ್ದ. ಮುಖಚಿತ್ರವೆಂದರೆ ವೃತ್ತ. ವೃತ್ತಕ್ಕೆ ಮೂಲೆಗಳಿಲ್ಲ. ಎಡಮೂಲೆಯಲ್ಲಿ ಅಂಬುಜ ನಿಂತಿದ್ದಳು.

ನಮ್ಮೂರಿನಲ್ಲಿ ಫೋಟೋದಿಂದ ಕತ್ತರಿಸಿದ್ದೆಲ್ಲ ಅಂಚುಬಯಲಿಗೆ ಹೋಗುತ್ತದೆ. ಇಟ್ಟಿಗೆ ಗೂಡುಗಳನ್ನು ದಾಟಿದ ಮೇಲೆ ಸಿಗುವ ಬೋಳು ನೆಲ ಅದು. ಯಾವ ಹೊತ್ತಿಗೆ ಹೋದರೂ ಅಲ್ಲಿ ಸ್ಕೂಟರಿನ ಹಿಂಚಕ್ರ, ಅರ್ಧ ದಾಸವಾಳದ ಗಿಡ, ಯಾರದೋ ಕಾಂಪೌಂಡಿನ ಒಂದು ಮೊಳ ಗೋಡೆ ಬಿದ್ದಿರುತ್ತವೆ. ಮನುಷ್ಯರ ಮಟ್ಟಿಗೆ ಮಾತ್ರ ಬಯಲು ಮರ್ಯಾದೆ ಕಾಯುತ್ತದೆ: ಮುಖ ಯಾವ ಕಡೆಗೆ ಬಿತ್ತೋ ಇಡೀ ಮೈಯೂ ಆ ಕಡೆಗೇ. ಆದ್ದರಿಂದ ನಮ್ಮವರು ಫೋಟೋ ತೆಗೆಯುವ ಮೊದಲು ಸಾಲಿನ ಎರಡೂ ಕೊನೆಗೆ ಒಂದೊಂದು ಬಕೆಟ್ಟು ಇಡುತ್ತಾರೆ; ಕತ್ತರಿಸಿದರೆ ಬಕೆಟ್ಟು ಹೋಗಲಿ ಎಂದು. ಊರಿನ ಪ್ರತಿ ಬಕೆಟ್ಟಿನ ಮೇಲೂ ಒಡೆಯನ ಹೆಸರು ಬಣ್ಣದಲ್ಲಿ ಬರೆದಿರುತ್ತದೆ. ಬಸ್ಸು ತಪ್ಪಿಸಿಕೊಂಡವರಂತೆ ಜನ ಬಯಲಿನಿಂದ ಮುಖ ಸಿಂಡರಿಸಿಕೊಂಡು ಬರುತ್ತಾರೆ, ಬಂದು ಬಿಟ್ಟ ಕೆಲಸವನ್ನು ಮುಂದುವರಿಸುತ್ತಾರೆ.

ನಾನು ಒಮ್ಮೆಯೂ ಹಾಗೆ ಹೋದವನಲ್ಲ. ಮನೆಗೆ ಹಿರಿಯನೆಂದು ನನ್ನನ್ನು ನಡುವಿನ ಕುರ್ಚಿಯಲ್ಲಿ ಕೂರಿಸುತ್ತಾರೆ. ಯಾವ ಅಳತೆಗೆ ಕತ್ತರಿಸಿದರೂ ನಡು ಉಳಿಯುತ್ತದೆ. ಅಂಬುಜಳದು ಬೇರೆ ಕಥೆ. ಎಲ್ಲರೂ ನಿಂತು, ನಗುವುದಕ್ಕೆ ಸಿದ್ಧರಾಗಿ, ಯಾರೋ ಒಬ್ಬರು "ದೊಡ್ಡಮ್ಮ ಎಲ್ಲಿ" ಎಂದು ಕೇಳಿದ ಮೇಲೆ ಅವಳು ಒಲೆ ಸಣ್ಣಗೆ ಮಾಡಿ, ಸೆರಗಿಗೆ ಕೈಯೊರೆಸಿಕೊಳ್ಳುತ್ತ ಬರುತ್ತಾಳೆ. ಬಂದವಳಿಗೆ ಉಳಿದಿರುವುದು ಅಂಚು. ಕೆಲವೊಮ್ಮೆ ಬಕೆಟ್ಟಿನಿಂದ ಆಚೆಗಿನ ಅಂಚು.

ಸಿದ್ದಪ್ಪಾಜಿಯ ಆಟೋದಲ್ಲಿ ಬಯಲಿಗೆ ಹೋದೆ. ಅವನಿಗೆ ದಾರಿ ಹೇಳಬೇಕಾಗಿಲ್ಲ.

"ಅಮ್ಮಾವ್ರಾ, ರಾಯರೇ?" ಎಂದ.

"ಇನ್ಯಾರು."

"ಈ ತಿಂಗಳು ಜಾಸ್ತಿ ಆಯ್ತು. ಅವರಿಗೆ ಪಾಸ್ ಮಾಡಿಸಿಬಿಡಿ."

ಅಂಬುಜ ಒಂದು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಪ್ರತಿ ಶಾಲಾ ಚಿತ್ರದಿಂದಲೂ ಉಚ್ಚಾಟಿತರಾಗುವ ಡ್ರಿಲ್ ಮೇಷ್ಟ್ರು, ಮತ್ತು ಸೊಸೆಯ ಎಲ್ಲ ಚಿತ್ರಗಳಿಂದಲೂ ತಪ್ಪದೆ ಬಂದು ಬೀಳುವ ಒಬ್ಬ ಅತ್ತೆ. ಮೂವರೂ ನಗುತ್ತಿದ್ದರು. ಅವಳು ಸೌಟನ್ನು ಬೀಸಣಿಗೆಯಂತೆ ಆಡಿಸುತ್ತಿದ್ದಳು. ನನ್ನನ್ನು ಕಂಡವಳೇ ನಗು ನಿಲ್ಲಿಸಿ, ಮಂಡಿ ಹಿಡಿದುಕೊಂಡು ಎದ್ದಳು. ಮನೆಯ ಮುಂದೆ ಇಳಿದ ಮೇಲೆ ಹೇಳಿದಳು.

"ನೋಡಿ, ಇನ್ನು ನಾನು ಫೋಟೋಕ್ಕೆ ನಿಲ್ಲಲ್ಲ. ಮಂಡಿ ಕೇಳಲ್ಲ. ಅಲ್ಲಿ ಇಳಿಯೋದೇನೋ ಸುಲಭ, ಎದ್ದು ಬರೋದೇ ಕಷ್ಟ."

"ಬಕೆಟ್ಟಿನಿಂದ ಈಚೆಗೆ ನಿಲ್ಲಬೇಕು ಅಂತ ಎಷ್ಟು ಸಲ ಹೇಳಿದ್ದೀನಿ?"

"ಈಚೆಗೆ ಜಾಗ ಎಲ್ಲಿರುತ್ತೆ? ನಿಮ್ಮ ಕುರ್ಚೀನೇ ಮೂರು ಜನದ ಜಾಗ ತಿನ್ನುತ್ತೆ." ಹೊಸ್ತಿಲು ದಾಟುತ್ತ, "ನಿನ್ನೆ ಸೋಫಾ ಮೇಲೆ ತೆಗೆದನಲ್ಲ ಪ್ರಹ್ಲಾದ, ನಮ್ಮಿಬ್ಬರದು. ಅದೊಂದು ಇರಲಿ. ಅದರಲ್ಲೂ ನನ್ನ ಕಳಿಸಿದರೆ ಮುಗೀತು, ಇನ್ನು ಕರೀಬೇಡಿ," ಎಂದಳು.

ನಮ್ಮ ಹಜಾರದ ಗೋಡೆಯಲ್ಲಿ ಒಂದು ಖಾಲಿ ಚೌಕಟ್ಟು ಇದೆ. ಬೀಟೆಮರದ್ದು, ಮದುವೆಯಾದ ವರ್ಷ ಅವಳೇ ಇಷ್ಟಪಟ್ಟು ಕೊಂಡದ್ದು. ಅದು ಹೆಚ್ಚುಕಡಿಮೆ ಚೌಕ. ಅದಕ್ಕೆಂದು ಹೊಂದಿಸಿದ ಪ್ರತಿ ಚಿತ್ರದಲ್ಲೂ ಅವಳು ಕತ್ತರಿಸಿ ಹೋಗುತ್ತಿದ್ದಳು, ಹೋಗಿ ಬಂದವಳು ಆ ಚಿತ್ರವನ್ನು ಕಿತ್ತು ಕಪಾಟಿನಲ್ಲಿಡುತ್ತಿದ್ದಳು. ಚೌಕಟ್ಟನ್ನು ಮಾತ್ರ ಇಳಿಸಲಿಲ್ಲ. ಹಬ್ಬಕ್ಕೆ ದೇವರ ಪಟಗಳ ಜೊತೆ ಅದರ ಗಾಜನ್ನೂ ಒರೆಸುತ್ತಾಳೆ, ಒಳಗಿನ ಗೋಡೆಯ ಸುಣ್ಣ ಇನ್ನಷ್ಟು ಸ್ಪಷ್ಟವಾಗಿ ಕಾಣಲೆಂಬಂತೆ. ಬೇರೆ ಚೌಕಟ್ಟು ತರೋಣವೆಂದರೆ ಕೇಳುವುದಿಲ್ಲ. ಗಂಡನನ್ನು ಬದಲಾಯಿಸಿದೆನೇ ಎಂದು ಕೇಳುತ್ತಾಳೆ.

ಆ ಸೋಫಾ ಚಿತ್ರವನ್ನು ನಾನು ದಿನಕ್ಕೆ ಹಲವು ಸಲ ತೆರೆದು ನೋಡುತ್ತಿದ್ದೆ. ಸೋಫಾದ ಒಂದು ತುದಿಗೆ ನಾನು, ಇನ್ನೊಂದು ತುದಿಗೆ ಅವಳು, ನಡುವೆ ಮೂರನೆಯವರೊಬ್ಬರು ಆರಾಮಾಗಿ ಕೂರಬಹುದಾದಷ್ಟು ಜಾಗ, ಅದರಲ್ಲಿ ಒಂದು ಹೋಳಿಗೆಯ ತಟ್ಟೆ. ನಮ್ಮ ಕಾಲದ ಗಂಡಹೆಂಡಿರು ಹಾಗೆಯೇ ಕೂರುವುದು. ನಾನು ಏನೋ ಅಂದಿದ್ದೆ, ಏನೆಂದು ಈಗ ನೆನಪಿಲ್ಲ. ಅವಳು ನನ್ನ ಕಡೆ ತಿರುಗಿ, ತಲೆ ತುಸು ಹಿಂದಕ್ಕೆ ಚೆಲ್ಲಿ ನಗುತ್ತಿದ್ದಳು. ಬಯಲಿನ ಆ ನಗು ನನ್ನೆದುರಿಗೂ ಇತ್ತೆಂಬುದಕ್ಕೆ ಇರುವ ಸಾಕ್ಷಿ ಅದೊಂದೇ. ಅದನ್ನು ಅವಳ ಚೌಕಟ್ಟಿನಲ್ಲಿ ಕೂರಿಸಲೇಬೇಕೆಂದು ನಿಶ್ಚಯಿಸಿದೆ. ನಿಶ್ಚಯವೇನೋ ಅರ್ಧ ಗಳಿಗೆಯಲ್ಲಿ ಮುಗಿಯಿತು. ಆಮೇಲಿನದು, ನನ್ನ ಆಯುಷ್ಯದಲ್ಲಿ ಹಲವು ಮಹಾಕಾವ್ಯಗಳ ಕರಡು ತಿದ್ದಿದವನಾಗಿ ಹೇಳುತ್ತೇನೆ, ಯಾವ ಮಹಾಕಾವ್ಯಕ್ಕೂ ಕಡಿಮೆಯದಲ್ಲ.

ಗ್ರೂಪಿಗೆ ಬಂದಿದ್ದ ಚಿತ್ರವನ್ನು ಫಿಲೋಮಿನಾಳ ಸ್ಟುಡಿಯೋಗೆ ಕಳಿಸಿ, ಮರುದಿನ ಹೋದೆ. ಆಕೆ ತಂದೆಯಿಂದ ಬಂದ ಅಂಗಡಿಯನ್ನು ತಂದೆಯ ಸಿಡುಕಿನ ಸಮೇತ ನಡೆಸುತ್ತಾಳೆ. ಅಚ್ಚು ಹಾಕಿದ್ದನ್ನು ಮೇಜಿನ ಮೇಲೆ ಎಸೆದಳು. ನಮ್ಮ ಮುಖಗಳು ಸಣ್ಣಸಣ್ಣ ಚೌಕಗಳಾಗಿ ಒಡೆದುಹೋಗಿದ್ದವು. ಅಂಬುಜಳ ನಗು ಕಿತ್ತ ಹೆಂಚಿನ ಸಾಲಿನಂತಿತ್ತು.

"ಇದೇನು?" ಎಂದೆ.

"ನೀವು ಕೊಟ್ಟಿದ್ದೇ ಇದು, ರಾಯರೇ. ಗ್ರೂಪಲ್ಲಿ ಬರೋ ಫೋಟೋ ಬರೋ ದಾರೀಲೇ ಕುಗ್ಗಿರುತ್ತೆ. ಫೋನಲ್ಲಿ ನೋಡೋಕೆ ಸಾಕು, ಗೋಡೆಗೆ ಸಾಲಲ್ಲ. ತೆಗೆದವರ ಫೋನಲ್ಲಿ ಒರಿಜಿನಲ್ ಇರುತ್ತೆ, ಅದು ತನ್ನಿ."

"ಹಿಗ್ಗಿಸೋಕೆ ಆಗಲ್ವಾ?"

"ಹಿಗ್ಗಿಸಿದ್ದೇ ಇದು."

ಕುಗ್ಗಿಸುವುದರಿಂದ ಹಿಗ್ಗಿಸುವುದರಿಂದ ನಮ್ಮೂರಿನಲ್ಲೂ ಬೇರೆ ಊರುಗಳಲ್ಲಿ ಆಗುವಷ್ಟೇ ಆಗುತ್ತದೆ: ಮುಖ ಕೆಡುತ್ತದೆ. ಪ್ರಹ್ಲಾದನಿಗೆ ಫೋನು ಮಾಡಿದೆ.

"ಅಯ್ಯೋ ದೊಡ್ಡಪ್ಪ, ಸ್ಟೋರೇಜ್ ಫುಲ್ ಆಗಿತ್ತು. ಗ್ರೂಪಿಗೆ ಹಾಕಿದ್ದೀನಲ್ಲ ಅಂತ ಡಿಲೀಟ್ ಮಾಡಿಬಿಟ್ಟೆ."

"ಗ್ರೂಪಿಗೆ ಹಾಕಿದ್ದು ಸಿಪ್ಪೆಯಪ್ಪ. ಹಣ್ಣು ಎಲ್ಲಿ?"

"ಹಣ್ಣಾ?"

ಅಳಿಸಿದ ಚಿತ್ರಗಳು ಫೋನಿನೊಳಗೇ ಒಂದು ಕಸದ ಬುಟ್ಟಿಯಲ್ಲಿ ಕೆಲವು ದಿನ ಕೂತಿರುತ್ತವೆಂದು ಫಿಲೋಮಿನಾ ಹೇಳಿದ್ದಳು. ಅವನ ಮನೆಗೇ ಹೋಗಿ, ಅದೇ ಸೋಫಾದ ಮೇಲೆ ಕೂತು, ಬುಟ್ಟಿ ಕೆದಕಿಸಿದೆ. ಸಿಕ್ಕಿತು. ಸಿಕ್ಕಿದ್ದನ್ನು ಅವನು ಸಂಭ್ರಮದಿಂದ ಗ್ರೂಪಿಗೇ ಹಾಕಿದ; ಮತ್ತೆ ಕುಗ್ಗಿತು. ನನಗೇ ನೇರವಾಗಿ ಕಳಿಸೆಂದೆ. ಕಳಿಸಿದ, ಆಗಲೂ ಕುಗ್ಗಿತು. ಫಿಲೋಮಿನಾಗೆ ಫೋನು ಮಾಡಿದರೆ ಆಕೆ, "ಫೋಟೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಹಾಗೆ ಕಳಿಸಿದರೆ ಯಾರೂ ಮುಟ್ಟಲ್ಲ," ಎಂದಳು. ಹೆಂಡತಿಯನ್ನು ಹೆಂಡತಿ ಎಂದು ಕಳಿಸಿದರೆ ಕುಗ್ಗುತ್ತಾಳೆ, ದಸ್ತಾವೇಜು ಎಂದು ಕಳಿಸಿದರೆ ಇಡಿಯಾಗಿ ತಲುಪುತ್ತಾಳೆ. ಇದನ್ನು ಯಾವ ಕವಿಯೂ ನನಗೆ ಮೊದಲೇ ತಿಳಿಸಿರಲಿಲ್ಲ.

ಇಡಿಯಾಗಿ ತಲುಪಿದ ಮೇಲೆ ಎರಡನೆಯ ಕಾಂಡ ಶುರುವಾಯಿತು. ಚಿತ್ರ ಉದ್ದ, ಚೌಕಟ್ಟು ಚೌಕ. ಫಿಲೋಮಿನಾ ಮೊದಲು ಚಿತ್ರವನ್ನು ಮೇಲಕ್ಕೂ ಕೆಳಕ್ಕೂ ಎಳೆದು ಅಳತೆಗೆ ತಂದಳು. ಆ ಪ್ರತಿಯನ್ನು ಮನೆಗೆ ಒಯ್ದೆ. ಅಂಬುಜ ಕನ್ನಡಕ ಹಾಕಿಕೊಂಡು ನೋಡಿದಳು.

"ಇದು ನನ್ನ ಮುಖವೋ, ಸೌತೆಕಾಯೋ?"

"ನಾನೂ ಹಾಗೇ ಇದ್ದೀನಿ, ನೋಡು."

"ನೀವು ಮೊದಲಿಂದಲೂ ಸ್ವಲ್ಪ ಹಾಗೇನೇ."

ಮತ್ತೆ ಸ್ಟುಡಿಯೋ. ಫಿಲೋಮಿನಾ ಪರದೆಯ ಮೇಲೆ ಚಿತ್ರವನ್ನಿಟ್ಟು, ಅದರ ಮೇಲೆ ಚೌಕಟ್ಟಿನ ಅಳತೆಯ ಗೆರೆಯನ್ನು ಅತ್ತಿತ್ತ ಸರಿಸಿ ತೋರಿಸಿದಳು. ಬಲಕ್ಕೆ ಸರಿಸಿದರೆ ನಾನು ಆಚೆ. ಎಡಕ್ಕೆ ಸರಿಸಿದರೆ ಅಂಬುಜ ಆಚೆ. ನಡುವಿಗೆ ತಂದರೆ ಒಳಗುಳಿಯುವುದು ಹೋಳಿಗೆಯ ತಟ್ಟೆ, ಇಬ್ಬರೂ ಬಯಲಿನಲ್ಲಿ.

"ಒಂಚೂರು ಅಂಟ್ಕೊಂಡು ಕೂತಿದ್ರೆ ಈ ತಾಪತ್ರಯನೇ ಇರ್ತಿರಲಿಲ್ಲ," ಎಂದಳು.

"ನಡುವಿನ ಖಾಲಿಯನ್ನು ತೆಗೆದು ಇಬ್ಬರನ್ನೂ ಹತ್ತಿರಕ್ಕೆ ಜೋಡಿಸು."

"ಜೋಡಿಸ್ತೀನಿ. ನಿಮ್ಮ ಹುಡುಗನ ಹೊಸ ಸೋಫಾದ ನಡು ಬಯಲಿಗೆ ಹೋಗುತ್ತೆ. ಅವನು ಬಂದು ಕೇಳಿದ್ರೆ ನಿಮ್ಮ ಹೆಸರೇ ಹೇಳೋದು."

ಪ್ರಹ್ಲಾದನ ಸೋಫಾದ ವಿಷಯದಲ್ಲಿ ನನಗೆ ಆ ಹೊತ್ತಿಗೆ ವಿಶೇಷ ಕರುಣೆಯೇನೂ ಉಳಿದಿರಲಿಲ್ಲ. ಆದರೂ ಬೇಡವೆಂದೆ. ನನ್ನನ್ನೇ ಕತ್ತರಿಸು, ನಾನು ಬಯಲಿನಿಂದ ನಡೆದು ಬರುತ್ತೇನೆ ಎಂದೆ. ಮಾತು ಮುಗಿಯುವಷ್ಟರಲ್ಲಿ ಯಾಕೋ ಅನುಮಾನ ಬಂದು ಅಂಬುಜಳಿಗೆ ಫೋನು ಮಾಡಿ ಕೇಳಿದೆ.

"ನಾನು ಆ ಕಡೆ ತಿರುಗಿ ನಗ್ತಾ ಇದ್ದೀನಲ್ಲ," ಎಂದಳು. "ಆ ಕಡೆ ಯಾರೂ ಇಲ್ಲದಿದ್ರೆ ಬಂದವರು ಏನಂತಾರೆ? ರಾಯರ ಹೆಂಡತಿಗೆ ತಲೆ ನೆಟ್ಟಗಿಲ್ಲ ಅಂತಾರೆ."

ಫೋನು ಕೆಳಗಿಟ್ಟು, ಸ್ಟುಡಿಯೋದ ಗೋಡೆಗಳನ್ನು ನೋಡುತ್ತ ಕೂತೆ. ನಾಮಕರಣ, ಮದುವೆ, ಬೀಳ್ಕೊಡುಗೆ, ಎಲ್ಲವೂ ಅಂಚಿನವರೆಗೆ ತುಂಬಿಕೊಂಡು ಉಸಿರುಗಟ್ಟಿದ ಚಿತ್ರಗಳು. ಮೂಲೆಯಲ್ಲಿ ಮಾತ್ರ ಆಕೆಯ ತಂದೆಯ ಚಿತ್ರ, ಸುತ್ತ ಅಗಲವಾದ ಬಿಳಿ ಅಂಚು. ನಮ್ಮಲ್ಲಿ ಬಿಳಿ ಅಂಚು ಬಿಡುವುದು ತೀರಿಹೋದವರ ಚಿತ್ರಕ್ಕೆ ಮಾತ್ರ. ಬದುಕಿರುವವರು ಕತ್ತರಿಸಿ ಹೋದರೆ ಆಟೋ ಹಿಡಿದು ಬಂದಾರು, ತೀರಿಹೋದವರು ಬಂದಾರೆಯೇ? ಅದಕ್ಕೇ ಅವರ ಸುತ್ತ ಕತ್ತರಿಸಲೆಂದೇ ಒಂದಷ್ಟು ಬಿಳುಪು ಇಟ್ಟಿರುತ್ತಾರೆ. ಯಾವ ಅಳತೆಗೆ ತಂದರೂ ಹೋಗುವುದು ಬಿಳುಪೇ.

ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಒಂದು ಅಚ್ಚುಕೂಟದಲ್ಲಿ ಕರಡು ತಿದ್ದಿದವನು. ಹೊಸ ಕವಿಗಳ ಪುಸ್ತಕಗಳೆಲ್ಲ ನನ್ನ ಮೇಜಿನ ಮೇಲೆಯೇ ಹಾದುಹೋಗುತ್ತಿದ್ದವು. ಪುಟದಲ್ಲಿ ಏಳೆಂಟು ಸಾಲು, ಉಳಿದದ್ದೆಲ್ಲ ಖಾಲಿ. ಯಜಮಾನರು ಕಾಗದ ದಂಡವೆಂದು ಎರಡು ಕವಿತೆಗಳನ್ನು ಒಂದೇ ಪುಟಕ್ಕೆ ತುರುಕಲು ಹೇಳುತ್ತಿದ್ದರು, ನಾನು ಜಗಳವಾಡುತ್ತಿದ್ದೆ. ಆ ಖಾಲಿಯೂ ಕವಿತೆಯದೇ, ಸಾಲು ತನ್ನ ಮಾತು ಮುಗಿಸಿ ಅಲ್ಲಿಗೆ ಹೋಗಿ ಕೂರುತ್ತದೆ ಎನ್ನುತ್ತಿದ್ದೆ. ಯಜಮಾನರು ನಗುತ್ತಿದ್ದರು. ಅಷ್ಟು ತಿಳಿದವನು, ಮನೆಯ ಗೋಡೆಯ ಮೇಲೆ ಇಷ್ಟು ಕಾಲದಿಂದ ತೂಗುತ್ತಿರುವ ಖಾಲಿ ಚೌಕಟ್ಟನ್ನು ನೋಡಿಯೂ, ಅಂಚು ಬಿಡುವ ಯೋಚನೆ ಮಾಡಿರಲಿಲ್ಲ.

"ಇಡೀ ಚಿತ್ರ ಹಾಗೇ ಇರಲಿ," ಎಂದೆ. "ಮೇಲೂ ಕೆಳಗೂ ಬಿಳಿ ಬಿಡು. ಚೌಕಟ್ಟಿಗೆ ಸರಿಹೋಗುತ್ತದೆ."

ಫಿಲೋಮಿನಾ ಕುರ್ಚಿಯಿಂದ ಎದ್ದೇಬಿಟ್ಟಳು. "ಬಿಡ್ತು ಅನ್ನಿ. ಇಬ್ಬರೂ ಕಲ್ಲುಗುಂಡಿನ ಹಾಗಿದ್ದೀರಿ. ನಾನಂತೂ ಹಾಕಲ್ಲ. ನಾಳೆ ಹೆಚ್ಚುಕಮ್ಮಿ ಆದ್ರೆ ನನ್ನ ಅಂಗಡಿ ಮೆಟ್ಟಿಲು ಯಾರು ತುಳೀತಾರೆ?"

"ಕಾಗದ ಬಿಳಿಯಾಗಿದ್ದರೆ ಮನುಷ್ಯ ಸಾಯುವುದಾದರೆ ನಾನು ಅಚ್ಚುಕೂಟದಲ್ಲಿ ಮೊದಲ ದಿನವೇ ಸಾಯಬೇಕಿತ್ತು."

"ಅದೆಲ್ಲ ನಂಗೊತ್ತಿಲ್ಲ. ಅಮ್ಮಾವ್ರು ಒಪ್ಪಿ, ಅವರೇ ಬಂದು ಹೇಳಲಿ."

ಅಮ್ಮಾವ್ರು ಸಂಜೆಗೆ ಸಿದ್ದಪ್ಪಾಜಿಯ ಆಟೋದಲ್ಲಿ ಬಂದರು, ಚೌಕಟ್ಟನ್ನು ಸೆರಗಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು. ಅಂಬುಜ ಅದನ್ನು ಮೇಜಿನ ಮೇಲಿಟ್ಟು, ಪರದೆಯಲ್ಲಿದ್ದ ತನ್ನ ನಗುವನ್ನು ಬಹಳ ಹೊತ್ತು ನೋಡಿದಳು. ಫಿಲೋಮಿನಾ ಅಪಶಕುನದ ಮಾತನ್ನೆಲ್ಲ ಹೇಳಿ ಮುಗಿಸಿದಳು.

"ಬಿಳಿ ಹಾಕಮ್ಮ," ಎಂದಳು ಅಂಬುಜ. "ಬದುಕಿರೋವಾಗ ಇಷ್ಟು ಸಲ ಹೊರಗೆ ಹಾಕಿದ್ದಾರಲ್ಲ, ಅದಕ್ಕಿಂತ ಅಪಶಕುನ ಇನ್ನೇನಿದೆ?"

ಫಿಲೋಮಿನಾ ಯಂತ್ರಕ್ಕೆ ಕಾಗದ ಹಾಕಿದಳು. ಚಿತ್ರ ಯಂತ್ರದಿಂದ ನಿಧಾನವಾಗಿ ಹೊರಬಂತು: ಮೊದಲು ಬಿಳುಪು, ಆಮೇಲೆ ನಾವಿಬ್ಬರು, ಆಮೇಲೆ ಮತ್ತೆ ಬಿಳುಪು. ನಾನು ಅಂಬುಜಳ ಕೈ ಹಿಡಿದಿದ್ದೆ. ಅವಳು ಎಲ್ಲಿಗೂ ಹೋಗಲಿಲ್ಲ. "ಕೈ ಬಿಡಿ, ನೋಡ್ತಾರೆ," ಎಂದಳು.

ಚೌಕಟ್ಟು ಗೋಡೆಗೇರಿತು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಬುದ್ಧಿವಂತ. ಫಿಲೋಮಿನಾ ಅದೇ ಚಿತ್ರವನ್ನು ಫೋನಿಗೂ ಕಳಿಸಿದ್ದಳು. ಹೊಸದಾಗಿ ಕಲಿತ ವಿದ್ಯೆಯ ಹುಮ್ಮಸ್ಸಿನಲ್ಲಿ ಅದನ್ನು ಡಾಕ್ಯುಮೆಂಟ್ ಮಾಡಿ ಗ್ರೂಪಿಗೆ ಹಾಕಿದೆ. ಬೆಳಗಾಗುವುದರೊಳಗೆ ಗ್ರೂಪು ಕೈಮುಗಿದ ಚಿಹ್ನೆಗಳಿಂದ ತುಂಬಿಹೋಗಿತ್ತು. ಅಂಬುಜಳ ಚಿಕ್ಕಮ್ಮನ ಮಗ ಇಬ್ಬರಿಗೂ ಸದ್ಗತಿ ಕೋರಿದ್ದ. ಯಾರು ಮೊದಲು ಹೋದರೆಂದು ಒಬ್ಬರು ವಿಚಾರಿಸಿದ್ದರು. ಪಕ್ಕದ ಬೀದಿಯ ಇಬ್ಬರು ಹಾರ ಹಿಡಿದುಕೊಂಡು ಬಾಗಿಲಿಗೇ ಬಂದರು. ಬಾಗಿಲು ತೆರೆದ ನನ್ನನ್ನು ಕಂಡು ಹಾರವನ್ನು ಏನು ಮಾಡಬೇಕೆಂದು ತಿಳಿಯದೆ ನಿಂತರು. ಅಂಬುಜ ಅದನ್ನು ಈಸಿಕೊಂಡು, ಹೂ ಚೆನ್ನಾಗಿದೆಯೆಂದು ದೇವರಿಗೆ ಹಾಕಿ, ಅವರಿಗೆ ಕಾಫಿ ಕೊಟ್ಟು ಕಳಿಸಿದಳು. ನಾನು ಗ್ರೂಪಿನಲ್ಲಿ ಒಬ್ಬೊಬ್ಬರಿಗೂ ನಾವಿನ್ನೂ ಇದ್ದೇವೆಂದು ಬರೆಯುತ್ತ ಕೂತೆ. ಇರುವುದನ್ನು ಸಾಬೀತು ಮಾಡುವುದು ಇಷ್ಟು ಬೇಸರದ ಕೆಲಸವೆಂದು ನನಗೆ ಗೊತ್ತಿರಲಿಲ್ಲ.

ಆಗ ಪ್ರಹ್ಲಾದನ ಸಂದೇಶ ಬಂತು. "ದೊಡ್ಡಪ್ಪ, ಎಲ್ಲರೂ ಗಾಬರಿ ಆಗಿದ್ದಾರೆ. ಅದಕ್ಕೇ ನಾನೇ ಕ್ರಾಪ್ ಮಾಡಿ ಹಾಕಿದೀನಿ ನೋಡಿ. ಸರಿ ಹೋಯ್ತಲ್ಲ."

ಫೋನನ್ನು ಅಲ್ಲೇ ಎಸೆದು, ಮೇಲುವಸ್ತ್ರ ಕಾಲಿಗೆ ತೊಡರುತ್ತಿದ್ದರೂ ಅಡುಗೆಮನೆಗೆ ಓಡಿದೆ. ಒಲೆಯ ಉರಿ ಇತ್ತು. ಇಂಗಿನ ಘಮ ಇತ್ತು. ಅಂಬುಜ ಸೌಟು ಹಿಡಿದು ನಿಂತಿದ್ದಳು.

"ಯಾಕೆ ಹೀಗೆ ಓಡಿ ಬಂದ್ರಿ? ಬಿದ್ದುಗಿದ್ದೀರಿ."

"ಕತ್ತರಿಸಿದನಂತೆ."

ಅವಳು ತನ್ನ ಕೈಕಾಲು ನೋಡಿಕೊಂಡಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇಬ್ಬರೂ ಇದ್ದೀವಲ್ಲ," ಎಂದು ಸಾರು ಕದಡಿದಳು.

ಹೊರಗೆ ಆಟೋದ ಹಾರನ್ನು ಕೇಳಿಸಿತು. ಸಿದ್ದಪ್ಪಾಜಿ ಇಳಿದು ಬಂದು ಬಾಗಿಲಲ್ಲಿ ನಿಂತ. ಅವನ ಮುಖದಲ್ಲಿ ಎಂದಿನ ಕೀಟಲೆ ಇರಲಿಲ್ಲ.

"ರಾಯರೇ, ಬಯಲಿಗೆ ಏನೋ ಬಂದಿದೆ. ನಿಮ್ಮದೇ ಅನ್ಸುತ್ತೆ, ಊರಲ್ಲೆಲ್ಲ ನಿಮ್ಮ ಫೋಟೋದ್ದೇ ಮಾತು. ಒಂದ್ಸಲ ಬಂದು ನೋಡಿ."

"ಏನು ಬಂದಿದೆ?"

"ಏನೂ ಇಲ್ಲ ಸಾರ್. ಅದೇ ಬಂದಿರೋದು."

ಅಂಬುಜ ಒಲೆ ಆರಿಸಿದಳು. ಈ ಸಲ ಅವಳೇ ಮೊದಲು ಹೊರಟಳು, ನಾನು ಚಪ್ಪಲಿ ಹುಡುಕುತ್ತ ಹಿಂದುಳಿದೆ. ಆಟೋದಲ್ಲಿ ಕೂತು ಬಯಲಿಗೆ ಹೋಗುವುದು ಅವಳಿಗೆ ಅದೇ ಮೊದಲು; ಅಲ್ಲಿಯವರೆಗೆ ಅವಳು ಬರುವ ದಾರಿಯನ್ನು ಮಾತ್ರ ಕಂಡಿದ್ದವಳು. ಇಟ್ಟಿಗೆ ಗೂಡುಗಳನ್ನು ಹೊಸ ಜಾಗವೆಂಬಂತೆ ನೋಡುತ್ತಿದ್ದಳು.

ಬಯಲಿನ ನಡುವೆ, ಬಕೆಟ್ಟುಗಳು ಮತ್ತು ಅರ್ಧ ಗಿಡಗಳ ಮಧ್ಯೆ, ನೆಲದ ಮೇಲೆ ಎರಡು ಉದ್ದನೆಯ ಬಿಳಿ ಪಟ್ಟಿಗಳು ಮಲಗಿದ್ದವು, ಪಂಕ್ತಿಯ ಊಟಕ್ಕೆ ಹಾಸಿದ ಚಾಪೆಗಳಂತೆ. ಬಟ್ಟೆಯಲ್ಲ, ಸುಣ್ಣವಲ್ಲ; ಪ್ರಹ್ಲಾದ ಕತ್ತರಿಸಿದ ನಮ್ಮ ಚಿತ್ರದ ಅಂಚು. ಧೂಳು ಅದರ ಮೇಲೆ ಕೂರುತ್ತಿರಲಿಲ್ಲ. ಡ್ರಿಲ್ ಮೇಷ್ಟ್ರು ಮತ್ತು ಆ ಅತ್ತೆ ಸ್ವಲ್ಪ ದೂರದಲ್ಲಿ ನಿಂತು, ಮುಟ್ಟಬಹುದೋ ಬಾರದೋ ಎಂದು ಚರ್ಚಿಸುತ್ತಿದ್ದರು. ನಾನು ನೋಡುತ್ತ ನಿಂತೆ. ಯಜಮಾನರೊಡನೆ ಅಷ್ಟೆಲ್ಲ ಜಗಳವಾಡಿ ಪುಟಗಳಲ್ಲಿ ಉಳಿಸಿದ್ದು ಇದನ್ನೇ. ಹೀಗಿರುತ್ತದೆಂದು ಎಂದೂ ಕಂಡಿರಲಿಲ್ಲ.

ಅಂಬುಜ ಚಪ್ಪಲಿ ಕಳಚಿಟ್ಟಳು. ಮಂಡಿಯ ಮೇಲೆ ಕೈಯೂರಿ, ನಿಧಾನವಾಗಿ ಹತ್ತಿರದ ಪಟ್ಟಿಯ ಮೇಲೆ ಕುಳಿತಳು. ಕೂತವಳ ಮುಖ ಸಡಿಲವಾಯಿತು.

"ತಣ್ಣಗಿದೆ," ಎಂದಳು. ಆಮೇಲೆ ಆ ಇಬ್ಬರ ಕಡೆ ತಿರುಗಿ, "ಬನ್ನಿ, ನೀವೂ ಅದರ ಮೇಲೆ ಕೂತ್ಕೊಳ್ಳಿ. ಬಕೆಟ್ ಮೇಲೆ ಎಷ್ಟು ದಿನ ಅಂತ ಕೂರ್ತೀರಿ," ಎಂದಳು.

ಅವರು ಇನ್ನೊಂದು ಪಟ್ಟಿಯ ಮೇಲೆ ಕುಳಿತರು. ನಾನು ಎಂದಿನಂತೆ ಅವಳನ್ನು ಎಬ್ಬಿಸಿ ಕರೆದೊಯ್ಯಲು ಕೈ ಚಾಚಿದೆ. ಅವಳು ಆ ಕೈಯನ್ನು ಹಿಡಿದು ಕೆಳಕ್ಕೆಳೆದಳು. ನಾನು ಕೂತೆ, ಮರ್ಯಾದೆಗೆ ತಕ್ಕಷ್ಟು ದೂರ ಬಿಟ್ಟು. ಕೂತರೆ ಅರ್ಧ ಮೈ ಮಣ್ಣಿನ ಮೇಲಿತ್ತು, ಪಟ್ಟಿ ಅಲ್ಲಿಗೆ ಮುಗಿದಿತ್ತು.

"ಈ ಕಡೆ ಸರೀರಿ," ಎಂದಳು ಅಂಬುಜ.

ಸರಿದೆ.

"ಇನ್ನೂ ಸ್ವಲ್ಪ."

ಡ್ರಿಲ್ ಮೇಷ್ಟ್ರು ಬೇಕೆಂದೇ ಇಟ್ಟಿಗೆ ಗೂಡುಗಳ ಕಡೆ ನೋಡುತ್ತಿದ್ದರು. ಸಿದ್ದಪ್ಪಾಜಿ ಆಟೋದಿಂದ ಫೋನು ತೆಗೆದು, ಇದನ್ನು ಒಂದು ಫೋಟೋ ಹೊಡೆಯಲೇ ಎಂದು ಕೇಳಿದ.

"ಬೇಡ," ಎಂದೆವು ಇಬ್ಬರೂ.